ಗಂಡಿಪೇಟೆಯ ದಾರಿಯಲ್ಲಿ

ಹೈದರಾಬಾದಿಗೆ ಬಂದ ಕನ್ನಡಿಗರು ಗೋಲ್ಕೊಂಡೆಯಷ್ಟಕ್ಕೇ ತೃಪ್ತರಾಗದೆ ಗಂಡಿಪೇಟೆಯನ್ನೂ ನೋಡಬೇಕು. 1908ರಲ್ಲಿ ಮೂಸಿ ನದಿ ಉಕ್ಕಿ ನಗರವನ್ನು ಹಾಳುಗೆಡವಿತು. ಮರುವರ್ಷ ಇಲ್ಲಿಗೆ ಬಂದ ನಮ್ಮ ವಿಶ್ವೇಶ್ವರಯ್ಯನವರು, ನೀರನ್ನು ನಗರದ ಮೇಲುಗಡೆಯಲ್ಲೇ ತಡೆಯಬೇಕೆಂದು ಸೂಚಿಸಿದರು. 1920ರಲ್ಲಿ ಮುಗಿದ ಉಸ್ಮಾನ್ ಸಾಗರ ಅದರ ಫಲ.

ನಾವು ಹೋದದ್ದು ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿಯ ಮೇಲೆ. ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. ಗಾಡಿ ಇನ್ನೂ ಓಡುತ್ತಿದೆ. ಕೆರೆಯ ಬಳಿ ಮಣ್ಣಿನ ದಾರಿಗಿಳಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದು ಮುಗ್ಗರಿಸತೊಡಗಿತು. ಹೇಗಾದರೂ ಮನೆ ಸೇರೋಣವೆಂದು ಓಡಿಸುವಂತಿಲ್ಲ. ಟೂ-ಸ್ಟ್ರೋಕ್ ಎಂಜಿನಿಗೆ ಎಣ್ಣೆ ಪೆಟ್ರೋಲಿನೊಡನೆಯೇ ಬೆರೆತು ಬರುತ್ತದೆ. ಪೆಟ್ರೋಲು ಸಾಲದಿದ್ದರೆ ಎಣ್ಣೆಯೂ ಸಾಲದು; ಪಿಸ್ಟನ್ ಕಾದು ಹಿಡಿದುಕೊಂಡೀತು.

ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿದೆವು. ಅದು ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚಾಗಿದೆ, ಇಲ್ಲವೆ ಗಾಳಿಯ ಫಿಲ್ಟರು ಕಟ್ಟಿದೆ ಎಂದರ್ಥ. ನಮ್ಮದು ಬಿಳಿಚಿಕೊಂಡು ಒಣಗಿತ್ತು. ಕೊಳವೆ ಕಳಚಿ ನೋಡಿದರೆ, ಟ್ಯಾಂಕು ತುಂಬಿದ್ದರೂ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಟ್ಯಾಂಕಿನ ಮುಚ್ಚಳ ತೆಗೆದೊಡನೆ ಧಾರೆ ಸರಾಗವಾಯಿತು! ಮುಚ್ಚಳದ ಸಣ್ಣ ರಂಧ್ರದಲ್ಲಿ ಧೂಳು ತುಂಬಿತ್ತು. ಗಾಳಿ ಒಳಗೆ ಬಾರದೆ ಪೆಟ್ರೋಲು ಕೆಳಗಿಳಿಯದು. ಒಂದು ಸೇಫ್ಟಿ ಪಿನ್ನಿನಿಂದ ಕೆಲಸವಾಯಿತು.

ಆದುದರಿಂದ ಗಾಡಿಯಲ್ಲಿ ಹೋಗುವ ಓದುಗರು ಬುತ್ತಿಯ ಜೊತೆಗೆ ಒಂದು ಪಿನ್ನು, ಪ್ಲಗ್ ಸ್ಪ್ಯಾನರು, ಇನ್ನೊಂದು ಪ್ಲಗ್ ಇಟ್ಟುಕೊಳ್ಳಲಿ. ಗಾಡಿ ಕೆಟ್ಟರೆ ಎಂಜಿನ್ನಿಗೆ ಕೈಹಾಕುವ ಮೊದಲು ಟ್ಯಾಂಕಿನಿಂದ ಹುಡುಕುತ್ತ ಬರಲಿ. ನೀರಾಗಲಿ ಪೆಟ್ರೋಲಾಗಲಿ, ಮೇಲುಗಡೆಯಿಂದಲೇ ನೋಡುವುದು ಲೇಸು.