ನವಿಲುತೀರ್ಥದ ಕಟ್ಟೆ, ಮಗಳ ಗಾಳಿ ಟ್ಯಾಂಕು

ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬಂದವರು ಮುನವಳ್ಳಿ ಕಡೆ ಹೊರಳಿದರೆ ಸ್ವಲ್ಪ ಹೊತ್ತಿನಲ್ಲೇ ನವಿಲುತೀರ್ಥ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಇಲ್ಲಿ ಕಲ್ಲುಗುಡ್ಡ ಸೀಳಿಕೊಂಡು ಇಕ್ಕಟ್ಟಾದ ಕಣಿವೆಯಲ್ಲಿ ಹಾಯುತ್ತಾಳೆ. ಆ ಇಕ್ಕಟ್ಟಿಗೇ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಕಟ್ಟಿದರು. ಗೋಡೆಯ ಉದ್ದ ಸುಮಾರು 155 ಮೀಟರ್ ಅಷ್ಟೇ. ಹಿಂದಿನ ರೇಣುಕಾಸಾಗರ ತುಂಬಿದರೆ ಹಿಡಿಯುವುದು 37.7 ಟಿಎಂಸಿ ನೀರು! ಬಾಯಿ ಸಣ್ಣದು, ಹೊಟ್ಟೆ ದೊಡ್ಡದು.

ನಾವು ಹೋದದ್ದು ಮಗಳ ಸಲುವಾಗಿ. ಪ್ಲಾಸ್ಟಿಕ್ ಕಿಟ್ ತಂದು ವಿಮಾನ, ಟ್ರ್ಯಾಕ್ಟರ್‌ಗಳ ಪುಟ್ಟ ಮಾದರಿ ಮಾಡುವ ಹುಚ್ಚು ಅವಳಿಗೆ. ಈಗ ಈ ಕಟ್ಟೆಯನ್ನೇ ಮಾಡಬೇಕೆಂಬ ಆಸೆ. ಗೋಡೆಯ ಮೇಲೆ ನೀರು ಇಳಿದ ಕಪ್ಪು ಗೆರೆ ಬ್ರಷ್ಷಿನಲ್ಲಿ ಬರುವುದಿಲ್ಲ, ಏರ್‌ಬ್ರಷ್ಷೇ ಬೇಕು, ಅದಕ್ಕೊಂದು ಕಂಪ್ರೆಸರ್. ಎರಡು ವರ್ಷ ಕೂಡಿಸಿದ ದುಡ್ಡು ಅವಳದು, ಒಮ್ಮೆ ಖರ್ಚಾದರೆ ಮುಗೀತು.

"ಟ್ಯಾಂಕ್ ಇಲ್ಲದ್ದು ಅಗ್ಗ ಅದ. ಅದನ್ನ ತಗೊಳ್ಳಲೇನು ಮಾಮಾ?" ಅಂದಳು. ನನ್ನ ತಮ್ಮ ಗ್ಯಾರೇಜಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವನು. ಕಟ್ಟೆಯ ಕಡೆ ಕೈ ತೋರಿಸಿದ.

"ಮಳಿ ಬಂದಾಗಷ್ಟ ನೀರು ಬಂದ್ರ ಕಾಲುವಿ ನಡೀತದೇನವ್ವಾ? ಪಿಸ್ಟನ್ನೂ ಹಂಗ, ತಡದು ತಡದು ಗಾಳಿ ದೂಡ್ತದ. ಟ್ಯಾಂಕ್ ಇದ್ರ ಅದು ಒಂದ ಸಮ ಆಗ್ತದ. ಇಲ್ಲಂದ್ರ ಗೆರಿ ನಡುಗ್ತದ."

ಅವನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಮಾದರಿಗಳ ಬಣ್ಣಕ್ಕೆ 15ರಿಂದ 25 ಪಿಎಸ್ಐ ಒತ್ತಡ ಸಾಕು. ಮೂರು ಲೀಟರಿನ ಟ್ಯಾಂಕೂ ನಡೆಯುತ್ತದೆ. ಒತ್ತಡ ಹೊಂದಿಸುವ ರೆಗ್ಯುಲೇಟರ್, ಗಾಳಿಯ ತೇವ ಹಿಡಿಯುವ ಬಟ್ಟಲು ಇರಲೇಬೇಕು. ತೇವ ಹಾದುಬಂದರೆ ಬಣ್ಣದ ಮೇಲೆ ನೀರಿನ ಹನಿ ಉಗುಳುತ್ತದೆ. ಎಣ್ಣೆ ಹಾಕದ ಪಿಸ್ಟನ್ ಇದ್ದರೆ ಗಾಳಿಯಲ್ಲಿ ಎಣ್ಣೆ ಬರುವ ಭಯವಿಲ್ಲ. ಟ್ಯಾಂಕ್ ತುಂಬಿದೊಡನೆ ಮೋಟರು ತಾನೇ ನಿಲ್ಲುವ ಸ್ವಿಚ್ಚನ್ನೂ ನೋಡಿಕೊಳ್ಳಿ. ನಮ್ಮಂಥ ಬಾಡಿಗೆ ಮನೆಯವರಿಗೆ ಅದೇ ದೊಡ್ಡ ಉಪಕಾರ. ಮೋಟರು ಆಗಾಗ ಸುಮ್ಮನಾದರೆ ಕೆಳಗಿನ ಮನೆಯವರ ನಿದ್ದೆಯೂ ಉಳಿದೀತು. ಪಂಕ್ಚರ್ ಅಂಗಡಿಯ ದೊಡ್ಡ ಕಂಪ್ರೆಸರ್ ಮನೆಯೊಳಗೆ ಬೇಡ, ಗದ್ದಲ ತಡೆಯಲಾಗದು.

ಕೆಲಸ ಮುಗಿದ ಮೇಲೆ ಒತ್ತಡ ಇಳಿಸಿ ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಬಸಿಯಬೇಕು, ಇಲ್ಲವಾದರೆ ಒಳಗೆ ತುಕ್ಕು ಹಿಡಿಯುತ್ತದೆ. ಬಣ್ಣ ಹೊಡೆಯುವಾಗ ಕಿಟಕಿ ತೆರೆದು ಮಾಸ್ಕ್ ಹಾಕಿಕೊಳ್ಳಿ. ಥರ್ಮಾಕೋಲಿನ ಮಾದರಿಗೆ ಥಿನ್ನರ್ ಬಣ್ಣ ತಾಗಿಸಬೇಡಿ, ಕರಗಿಹೋಗುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ಕೇ ಸರಿ.

ಇನ್ನೂ ಎರಡು ತಿಂಗಳು ದುಡ್ಡು ಕೂಡಿಸಿ ಟ್ಯಾಂಕ್ ಇದ್ದದ್ದನ್ನೇ ತರುತ್ತೇನೆಂದು ಮಗಳು ಹೇಳಿದ್ದಾಳೆ. ನೀವು ನವಿಲುತೀರ್ಥ ನೋಡುವುದಾದರೆ ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಿ. ಸಾಗರ ತುಂಬಿದ ವರ್ಷ ಕಣ್ಣಿಗೆ ಹಬ್ಬ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುವುದನ್ನು ಮರೆಯಬೇಡಿ!