ಚಪ್ಪರದವರೆಯ ನೊಣಗಳು

ಕಳೆದ ಕಾರ್ತಿಕದಲ್ಲಿ ನಮ್ಮ ಹಿತ್ತಲಿನ ಚಪ್ಪರದವರೆ ಹೂಬಿಟ್ಟಾಗ ಅದರ ಎಲೆಗಳ ಮೇಲೆ ಒಂದು ಬಗೆಯ ಚಿಕ್ಕ ನೊಣಗಳು ಕಾಣಿಸಿಕೊಂಡುವು. ಮೈಯೆಲ್ಲ ಹಸುರು, ಎಲೆಯ ಹಸುರಲ್ಲ, ನವಿಲುಗರಿಯ ಹಸುರು. ಬಿಸಿಲು ಬಿದ್ದೆಡೆ ಚಿನ್ನದ ರೇಕು ಹಚ್ಚಿದಂತೆ ಹೊಳೆಯುತ್ತಿದ್ದುವು. ಆರು ವರ್ಷದ ಮೊಮ್ಮಗಳು, "ತಾತ, ಇದು ಯಾವ ನೊಣ?" ಎಂದು ಕೇಳಿದಳು. ನಾನು ಮೂವತ್ತು ವರ್ಷ ಪಾಠ ಹೇಳಿದವನು. ಗೊತ್ತಿಲ್ಲವೆನ್ನಲು ನಾಲಗೆ ಏಳಲಿಲ್ಲ. "ಸತ್ತ ಇಲಿಯ ಮೇಲೆ ಕೂರುವ ಹಸುರು ನೊಣ, ಹತ್ತಿರ ಹೋಗಬೇಡ" ಎಂದುಬಿಟ್ಟೆ. ಅಂದಿನಿಂದ ಅವಳು ಬಳ್ಳಿಯ ಕಡೆಗೆ ಸುಳಿಯಲಿಲ್ಲ.

ಅದೇ ಬಳ್ಳಿಯ ಕುಡಿಗಳಿಗೆ ಕಪ್ಪು ಹೇನು ಹತ್ತಿತ್ತು. ಅವುಗಳ ನಡುವೆ ಕಾಲಿಲ್ಲದ, ಜಿಗಣೆಯಂತೆ ಹೊರಳುವ, ಮಾಸಲು ಹಸುರಿನ ಹುಳುಗಳಿದ್ದುವು. ಕುಡಿ ಮುರುಟಿದುದಕ್ಕೆ ಇವೇ ಕಾರಣವೆಂದು ಬಗೆದು, ಒಂದೊಂದನ್ನೇ ಕಡ್ಡಿಯಿಂದ ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದೆ. ನಲವತ್ತಕ್ಕೆ ಕಡಮೆಯಿಲ್ಲ. ಹುಡುಗಿ ಹೊಸ್ತಿಲಿನಿಂದಲೇ ನೋಡುತ್ತಿದ್ದಳು. ಹೇನನ್ನು ಮಾತ್ರ ಬಿಟ್ಟೆ. ಅಷ್ಟು ಸಣ್ಣ ಪ್ರಾಣಿ ಏನು ಮಾಡೀತು? ವಾರ ಕಳೆಯುವಷ್ಟರಲ್ಲಿ ಹೂಗೊಂಚಲುಗಳೂ ಕಪ್ಪಾದುವು.

ಆಗ ಭೂತಗನ್ನಡಿ ಹಿಡಿದು ಕುಳಿತೆ. ಉಳಿದಿದ್ದ ಒಂದು ಹುಳು ಹೇನೊಂದನ್ನು ಬಾಯಿಂದ ಎತ್ತಿಹಿಡಿದು, ರಸ ಹೀರಿ, ಸಿಪ್ಪೆಯನ್ನು ಬಿಸುಟಿತು. ಅದನ್ನು ಹೇನು ಹತ್ತಿದ ಕುಡಿಯೊಡನೆ ಗಾಜಿನ ಬಟ್ಟಲಿನಲ್ಲಿಟ್ಟೆ. ಕೆಲವು ದಿನಗಳಲ್ಲಿ ಅದು ನೀರಹನಿಯ ಆಕಾರದ ಕೋಶವಾಯಿತು. ಅದರಿಂದ ಹಳದಿ ಪಟ್ಟೆಗಳ, ಕಣಜದಂಥ ಕೀಟವೊಂದು ಹೊರಬಂದಿತು. ಕೊಂಡಿಯಿದ್ದೀತೆಂದು ಕೈ ಹಿಂದೆಗೆದೆ. ನೋಡಲಾಗಿ ರೆಕ್ಕೆ ಎರಡೇ! ಜೇನಿಗೂ ಕಣಜಕ್ಕೂ ನಾಲ್ಕು. ನೊಣದ ಕುಲಕ್ಕೆ ಎರಡು. ಹಿಂದಿನ ಜೋಡಿ ತುದಿಯಲ್ಲಿ ಗುಂಡಿರುವ ಸಣ್ಣ ಕಡ್ಡಿಗಳಾಗಿ ಹಾರುವಾಗ ಸಮತೂಕವನ್ನು ಕಾಯುವುದು. ಕುಟುಕಲಾರದ ಪ್ರಾಣಿ ಕುಟುಕುವುದರ ವೇಷದಲ್ಲಿ ಬದುಕುತ್ತದೆ. ಇಂಥ ವೇಷವನ್ನು ಬೇಟ್ಸ್ ಎಂಬ ವಿದ್ವಾಂಸನು ಅಮೆಜಾನ್ ಪ್ರಾಂತದ ಚಿಟ್ಟೆಗಳಲ್ಲಿ ಕಂಡು 1862ರಲ್ಲಿ ವಿವರಿಸಿದನು. ನಮ್ಮ ದೇಶದ ಈ ಪಟ್ಟೆನೊಣಗಳ ಕುಲವನ್ನು ಬ್ರುನೆಟ್ಟಿ ಎಂಬವನು 1923ರ ತನ್ನ ಗ್ರಂಥದಲ್ಲಿ ವರ್ಣಿಸಿರುವನು.

ಹಸುರು ನೊಣದ ವಿಷಯದಲ್ಲಿಯೂ ತಪ್ಪಿದ್ದೆ. ಹೊಲಸಿನ ನೊಣ ದಪ್ಪ ಮೈಯದು, ಬಿರುಗೂದಲಿನದು. ಇದಾದರೋ ಕಾಲಂಗುಲಕ್ಕೂ ಕಿರಿದು. ಬಡಕಲು ಮೈಯನ್ನು ಉದ್ದ ಕಾಲುಗಳ ಮೇಲೆ ಎತ್ತಿ ನಿಂತಿರುವುದು. ಮೆತ್ತನೆಯ ಸಣ್ಣ ಕೀಟಗಳೇ ಇದರ ಬೇಟೆ. ಇದರ ಹೊಳಪು ಬಳಿದ ಬಣ್ಣದ್ದಲ್ಲ, ಮೈಹೊದಿಕೆಯ ತೆಳುಪದರಗಳಲ್ಲಿ ಬೆಳಕು ಮರಳಿ ಚಿಮ್ಮಿದಾಗ ಹುಟ್ಟುವಂಥದು, ಸೋಪಿನ ಗುಳ್ಳೆಯ ಮೇಲೆ ಬಣ್ಣ ಆಡುವ ಹಾಗೆ. ನವಿಲುಗರಿಯ ಬಣ್ಣವೂ ಬೆಳಕಿನ ಇಂಥದೇ ಆಟವಂತೆ; ಅಷ್ಟು ತಪ್ಪುಗಳ ನಡುವೆ ಆ ಹೋಲಿಕೆಯೊಂದು ನನಗರಿಯದೆಯೇ ಸರಿಯಾಗಿತ್ತು.

ಮೊಮ್ಮಗಳನ್ನು ಚಪ್ಪರದ ಕೆಳಗೆ ಕರೆದು, "ಅಂದು ನಾನು ಹೇಳಿದ್ದು ತಪ್ಪಮ್ಮ" ಎಂದೆ. ಅವಳು ಹಸುರು ನೊಣವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ನೀರಿಗೆ ಹಾಕಿದೆಯಲ್ಲ ತಾತ, ಆ ಹುಳುಗಳು?" ಎಂದಳು.

ನಾನು ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟೆ.