ಕ್ಯಾಮೆರಾದ ಆಮಾನ್ನ

ಎಲೆಯಲ್ಲಿ ಬಡಿಸಿದ ಅನ್ನವು ಬೇರೆ, ಮೊರದಲ್ಲಿಟ್ಟು ಕೊಡುವ ಅಕ್ಕಿ-ಬೇಳೆ-ಬೆಲ್ಲಗಳ ಆಮಾನ್ನವು ಬೇರೆ. ಈ ಭೇದವನ್ನರಿತ ಗೃಹಸ್ಥರಿಗೆ ಡಿಜಿಟಲ್ ಕ್ಯಾಮೆರಾದ ‘ರಾ’ ಕಡತವೆಂದರೇನೆಂಬುದನ್ನು ತಿಳಿಸುವದು ಕಠಿನವಲ್ಲ. ಜೆಪೆಗ್ ಎಂಬುದು ಕ್ಯಾಮೆರಾವೇ ತನ್ನ ರುಚಿಯಂತೆ ಬೇಯಿಸಿ ಬಡಿಸಿದ ಎಡೆ. ಉಪ್ಪು ಹೆಚ್ಚಾದರೆ ಹಿಂದೆಗೆಯಲು ಬಾರದು. ‘ರಾ’ ಎಂಬುದು ಇನ್ನೂ ಒಲೆ ಕಾಣದ ಸಾಮಗ್ರಿ.

ಕ್ಯಾಮೆರಾದ ಒಳಗೆ ಬೆಳಕನ್ನು ತುಂಬಿಕೊಳ್ಳುವ ಕೋಟ್ಯಂತರ ಸೂಕ್ಷ್ಮ ಬಟ್ಟಲುಗಳಿರುವವು. ಅವು ಬೆಳಕಿನ ಪ್ರಮಾಣವನ್ನು ಅಳೆಯುವವೇ ಹೊರತು ಬಣ್ಣವನ್ನರಿಯವು. ಆದುದರಿಂದ ಒಂದೊಂದರ ಮೇಲೂ ಕೆಂಪು, ಹಸಿರು, ನೀಲಿಗಳಲ್ಲೊಂದು ಬಣ್ಣದ ತೆರೆಯನ್ನು ಹೊದಿಸಿರುವರು. ಹಸಿರು ಅರ್ಧ, ಉಳಿದೆರಡು ಕಾಲು ಕಾಲು. ಈ ವಿನ್ಯಾಸಕ್ಕೆ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಎಂಬವರ ಹೆಸರಿನಲ್ಲಿ 1976ರಲ್ಲಿ ಪೇಟೆಂಟು ದೊರೆಯಿತು. ರಾ ಕಡತದಲ್ಲಿರುವವು ಈ ಅಳತೆಗಳೇ. 14 ಬಿಟ್ಟಿನ ಕಡತವು ಕತ್ತಲೆ-ಬೆಳಕುಗಳ ನಡುವೆ 16,384 ಮೆಟ್ಟಿಲುಗಳನ್ನು ಎಣಿಸಬಲ್ಲದು. ಜೆಪೆಗ್ಗಿನಲ್ಲಿ ಒಂದೊಂದು ಬಣ್ಣಕ್ಕೆ 256 ಮಾತ್ರ.

ಇದರ ಬೆಲೆಯು ನಮಗೆ ತಿಳಿದದ್ದು ನಮ್ಮ ಅಕ್ಕನವರು ತೀರಿಕೊಂಡ ಮೇಲೆ. ಹಿಂದಿನ ಶ್ರಾವಣದಲ್ಲಿ ಕಣಗಲಾದಿಂದ ಮನೆಮಂದಿಯೆಲ್ಲ ಗೋಕಾವಿಯ ಜಲಪಾತಕ್ಕೆ ಹೋಗಿದ್ದೆವು. ಸುಮಾರು 52 ಮೀಟರು ಎತ್ತರದಿಂದ ಧುಮುಕುವ ಘಟಪ್ರಭೆಗೆ ಬೆನ್ನು ಮಾಡಿ ಅಕ್ಕನವರು ನಿಂತಾಗ ಅವರ ಮಗನು ತೆಗೆದ ಚಿತ್ರವೇ ಕಡೆಯದಾಯಿತು. ಹಿಂದೆ ನೊರೆಯ ಪ್ರಖರತೆ. ಮುಂದೆ ಮುಖವೆಲ್ಲ ಮಸಿ. ಪೇಟೆಯ ಸ್ಟುಡಿಯೋದವರೊಬ್ಬರು ಬೇರೆ ಫೋಟೋದ ಮುಖವನ್ನು ಜೋಡಿಸಿಕೊಡುವೆವೆಂದರು. ನಾವೊಪ್ಪಲಿಲ್ಲ, ಅದು ಚಿತ್ರವಲ್ಲ, ಸೋಗು.

ಹುಡುಗನು ಜೆಪೆಗ್ಗಿನೊಡನೆ ರಾ ಕಡತವನ್ನೂ ಉಳಿಸಿದ್ದನು. “ಮಾಮಾ, ನೋಡ್ರಿ,” ಎಂದು ಗಣಕದಲ್ಲಿ ನೆರಳನ್ನು ಮೆಲ್ಲನೆ ಎತ್ತುತ್ತ ಹೋದಂತೆ ಮೊದಲು ಮೂಗುಬೊಟ್ಟು ಹೊಳೆಯಿತು, ಅನಂತರ ಕಣ್ಣು, ಅನಂತರ ಆ ಅರೆನಗೆ. ಅವನು ಅಲ್ಲಿಯೇ ಕೈ ನಿಲ್ಲಿಸಿದನು. ನಾವೂ ಅವಸರ ಮಾಡಲಿಲ್ಲ. ನೀಲಿಗಟ್ಟಿದ್ದ ನೀರಿಗೆ ಮಳೆಗಾಲದ ಕೆಮ್ಮಣ್ಣಿನ ಬಣ್ಣವನ್ನು ಮರಳಿಸಿದ್ದು ಆಮೇಲೆ. ಇಷ್ಟಾದರೂ ಮೂಲ ಅಳತೆಗಳು ಕೆಡುವದಿಲ್ಲ. ತಿದ್ದುಪಡಿಗಳು ಬೇರೆಯಾಗಿ ಬರೆದಿಡಲ್ಪಡುವವು.

ಆದರೆ ಇದು ಮಂತ್ರವಲ್ಲ. ನೊರೆಯ ಒಂದು ಭಾಗದಲ್ಲಿ ಬಟ್ಟಲು ತುಂಬಿ ಚೆಲ್ಲಿತ್ತು. ಅಲ್ಲಿ ಬರಿಯ ಬಿಳುಪಲ್ಲದೆ ಏನೂ ಹೊರಡಲಿಲ್ಲ. ಎತ್ತಿದ ನೆರಳಿನಲ್ಲಿ ರವೆಯಂಥ ಕಣಗಳೂ ಕಂಡವು. ಕಡತವೂ ಜೆಪೆಗ್ಗಿಗಿಂತ ಹಲವು ಪಟ್ಟು ದೊಡ್ಡದು. ದಿನದ ಹೂ-ಹಣ್ಣುಗಳ ಚಿತ್ರಕ್ಕೆ ಇದು ಬೇಕಿಲ್ಲ. ಮದುವೆ-ಮುಂಜಿಗಳಲ್ಲಿ ಮಾತ್ರ, ಫೋಟೋದವರು ರಾ ಕಡತಗಳನ್ನು ಅಳಿಸುವ ಮುನ್ನವೇ ಕೇಳಿ ಪಡೆದು, ಎರಡು ಬೇರೆ ಡಿಸ್ಕುಗಳಲ್ಲಿ ಇರಿಸತಕ್ಕದ್ದು. ಒಂದನ್ನು ಬೇರೆಯವರ ಮನೆಯಲ್ಲಿ.